ಆಲ್ಡರ್‌ಮಿಯರ್ ಕೋಟೆಯ ಬಾಗಿಲು ಕಾಯ್ದವನು

ಆಲ್ಡರ್‌ಮಿಯರ್, ಸಫೋಕ್
11 ಮಾರ್ಚ್ 1934

ಪ್ರೀತಿಯ ಕೆಜಿಯಾ ಅಕ್ಕನಿಗೆ,

ನಿನ್ನ ಕ್ರಿಸ್‌ಮಸ್ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬಯ್ಯಬೇಡ. ಕೈ ತುಂಬ ಕೆಲಸ ಸಿಕ್ಕಿದೆ. ಮೂರು ವರ್ಷ ಬೇಲಿ ಗೋಡೆ, ಹಂದಿಗೂಡು ಎಂದು ಕಟ್ಟಿಕೊಂಡಿದ್ದವನಿಗೆ ಕೊನೆಗೂ ಕಲ್ಲು ಅನ್ನಿಸಿಕೊಳ್ಳುವ ಕಲ್ಲು ಮುಟ್ಟುವ ಯೋಗ ಬಂತು. ಸ್ಟೋಕ್‌ಲಿಯಲ್ಲಿ ಚರ್ಚಿನ ಗೋಪುರ ರಿಪೇರಿ. ನಿನ್ನ ತಮ್ಮ ಈಗ ಮೇಸ್ತ್ರಿ, ಕೈಕೆಳಗೆ ಹದಿನಾಲ್ಕು ಜನ. ನಂಬುತ್ತೀಯಾ?

ದಿನವಿಡೀ ಮೊಣಕಾಲ ತನಕ ಕೆಸರು, ಕಾಲಿಟ್ಟಲ್ಲಿ ಕಪ್ಪೆ. ಚರ್ಚಿನಲ್ಲಿ ಕಪ್ಪೆ ಎಲ್ಲಿಂದ ಬಂತು ಎಂದು ಕೇಳಬೇಡ. ಹಳೆಯ ಕಟ್ಟಡವೆಂದರೆ ಎಲ್ಲವೂ ಇರುತ್ತದೆ. ಮನೆಗೆ ಬಂದರೆ ಹೆಟ್ಟಿ ಬಾಗಿಲಲ್ಲೇ ತಡೆಯುತ್ತಾಳೆ. "ಆ ಬೂಟು ಅಲ್ಲೇ ಬಿಚ್ಚು ಸೈಲಸ್, ಇದೇನು ಬಾತುಕೋಳಿ ಮನೇನಾ?" ಅನ್ನುತ್ತಾಳೆ. ಅವಳ ಕೆಮ್ಮು ಈಗ ವಾಸಿ.

ಅಪ್ಪನ ಸಮಾಧಿಯ ಮೇಲಿನ ಪಾಚಿ ಕೆರೆದು ಬಂದೆ. ಆಂಡರ್ಸ್ ಭಾವನಿಗೆ ನಮಸ್ಕಾರ ಹೇಳು.

ನಿನ್ನ ತಮ್ಮ
ಸೈಲಸ್

* * *

ಹೆರನ್ ಸೈಡಿಂಗ್, ಸಸ್ಕಾಚೆವಾನ್, ಕೆನಡಾ
9 ಏಪ್ರಿಲ್ 1934

ಪ್ರಿಯ ಸೈಲಸ್,

ಮೇಸ್ತ್ರಿಯಾದೆಯಲ್ಲ, ಹೊಟ್ಟೆ ತುಂಬಿತು. ಅದೂ ದೇವರ ಮನೆಯ ಕೆಲಸ. ಅಪ್ಪ ಇದ್ದಿದ್ದರೆ ಮಾತಾಡುತ್ತಿರಲಿಲ್ಲ, ಸುಮ್ಮನೆ ಟೋಪಿ ಸರಿ ಮಾಡಿಕೊಳ್ಳುತ್ತಿದ್ದ. ಖುಷಿಯಾದರೆ ಅವನು ಮಾಡುತ್ತಿದ್ದುದು ಅಷ್ಟೇ.

ಒಂದು ಮಾತು ಕೇಳಲೇ? ನಮ್ಮೂರ ಕೋಟೆಯ ಬಗ್ಗೆ ನಿನಗೆ ತಿಳಿದದ್ದನ್ನೆಲ್ಲ ಬರೆದು ಕಳಿಸುತ್ತೀಯಾ? ಎಷ್ಟು ಬುರುಜು, ಕಂದಕ ಎಷ್ಟು ಅಗಲ, ದೊಡ್ಡ ಸಭಾಂಗಣದ ಕಿಟಕಿಗಳು ಯಾವ ಕಡೆಗೆ. ಮೊಮ್ಮಗಳು ಇಂಗ್ರಿಡ್ ಕತೆ ಹೇಳು ಎಂದು ಪ್ರಾಣ ತಿನ್ನುತ್ತಾಳೆ.

ಕೋಟೆಯ ಸುದ್ದಿ ನಾನು ಕೇಳುವುದು ನಿನಗೆ ವಿಚಿತ್ರ ಅನ್ನಿಸಬಹುದು. ನಾವು ಅದರ ಬೇಲಿಯನ್ನೂ ಮುಟ್ಟದೆ ಬೆಳೆದವರು. ಅಪ್ಪ ಸಂತೆಗೆ ಹೋಗಲು ಕೋಟೆಯ ದಾರಿ ಬಿಟ್ಟು ಎರಡು ಮೈಲಿ ಸುತ್ತುತ್ತಿದ್ದನಲ್ಲ. ಶಾಲೆಯ ಅಂಗಳದಲ್ಲಿ ನನ್ನ ಜಡೆ ಹಿಡಿದು ಎಳೆಯುತ್ತ "ಗ್ಯಾರಡಾ ಗ್ಯಾರಡಾ, ಸೇತುವೆ ಇಳಿಸೋ! ಬೆಳ್ಳಿ ಎಷ್ಟು ಸಿಕ್ಕಿತೋ?" ಎಂದು ಕೂಗುತ್ತಿದ್ದುದು ಈಗಲೂ ಕಿವಿಯಲ್ಲಿದೆ. 1461ರಲ್ಲಿ ನಮ್ಮ ವಂಶದ ಯಾವನೋ ಟಾಮಸ್ ಗ್ಯಾರಡ್ ಕೋಟೆಯ ಬಾಗಿಲು ಕಾಯುವ ಕೆಲಸದಲ್ಲಿದ್ದನಂತೆ, ಶತ್ರುಗಳಿಂದ ಬೆಳ್ಳಿಯ ಚೀಲ ತೆಗೆದುಕೊಂಡು ಕಂದಕದ ಎತ್ತುಸೇತುವೆ ಇಳಿಸಿ ಅವರನ್ನು ಒಳಗೆ ಬಿಟ್ಟನಂತೆ. ಅವನು ಮಾಡಿದ್ದಕ್ಕೆ ನನ್ನ ಜಡೆ.

ಹಳೆಯದೆಲ್ಲ ಈಗ ಹೋಯಿತು ಬಿಡು. ಮರೆಯದೆ ಬರೆ.

ಅಕ್ಕ
ಕೆಜಿಯಾ ಲುಂಡ್

* * *

ಆಲ್ಡರ್‌ಮಿಯರ್
6 ಮೇ 1934

ಅಕ್ಕಾ,

ನಿನ್ನ ಪತ್ರ ಓದಿ ಎರಡು ದಿನ ಉಣ್ಣಲಾಗಲಿಲ್ಲ. ನಾಚಿಕೆ. ಸ್ಟೋಕ್‌ಲಿಯಲ್ಲೂ ಇಲ್ಲ, ಗೋಪುರದಲ್ಲೂ ಇಲ್ಲ ನಾನು. ಕೋಟೆಯಲ್ಲಿದ್ದೇನೆ. ನವೆಂಬರ್‌ನಿಂದ. ಸರ್ ಲಯನೆಲ್ ಡೆವೆರಿಲ್ ತಮ್ಮ ಹಿರಿಯರ ಕೋಟೆಯನ್ನು ಮತ್ತೆ ಮೊದಲಿನಂತೆ ನಿಲ್ಲಿಸುತ್ತಿದ್ದಾರೆ. ಅಪ್ಪ ಕಾಲಿಡದ ನೆಲದಲ್ಲಿ ಸಂಬಳಕ್ಕೆ ನಿಂತಿದ್ದೇನೆಂದು ನಿನಗೆ ಹೇಳಲು ನಾಲಗೆ ಏಳಲಿಲ್ಲ. ಆದರೆ ನೀನೇ "ಹಳೆಯದೆಲ್ಲ ಹೋಯಿತು" ಎಂದು ಬರೆದಿದ್ದೀಯೆ. ನಿನಗೆ ಊರ ನೆನಪು ಹತ್ತಿದೆ, ಕೋಟೆಯ ಮೇಲಿನ ಸಿಟ್ಟೂ ಕರಗಿದೆ ಎಂದು ಓದಿದಾಗ ಎದೆ ಹಗುರವಾಯಿತು.

ಕೇಳಿದ್ದನ್ನೆಲ್ಲ ಬರೆಯುತ್ತೇನೆ. ಬುರುಜುಗಳು ನಾಲ್ಕು, ಈಶಾನ್ಯದ್ದು ಅರ್ಧಕ್ಕೆ ಕುಸಿದಿತ್ತು, ಕಳೆದ ವಾರ ತಲೆ ಕಟ್ಟಿದೆವು. ಐವಿ ಬಳ್ಳಿಯ ಬೇರು ಗೋಡೆಯೊಳಗೆ ಆಳೆತ್ತರ ಇಳಿದಿತ್ತು, ಎಳೆದರೆ ಗೋಡೆ ಬರುತ್ತದೆ, ಬಿಟ್ಟರೂ ಗೋಡೆ ಬೀಳುತ್ತದೆ. ಒಂದೊಂದು ಕಲ್ಲಿಗೂ ನಂಬರು ಬರೆದು ಬಿಚ್ಚಿ, ಸುಣ್ಣದ ಗಾರೆಯಲ್ಲಿ ಮತ್ತೆ ಅದೇ ಜಾಗಕ್ಕೆ ಕೂರಿಸಿದೆವು. ಸಿಮೆಂಟ್ ಮುಟ್ಟಿಸಬಾರದು, ಅದು ಹಳೆಯ ಕಲ್ಲಿಗೆ ಉಸಿರು ಕಟ್ಟಿಸುತ್ತದೆ. ಸಭಾಂಗಣದ ಕಿಟಕಿ ಮೂರು, ಮೂರೂ ದಕ್ಷಿಣಕ್ಕೆ. ಕಂದಕ ಐವತ್ತೆಂಟು ಅಡಿ ಅಗಲ. ಅದನ್ನು ಬತ್ತಿಸಿ ಹೂಳು ತೆಗೆಯುವ ಕೆಲಸ ಮುಂದಿನ ತಿಂಗಳು. ನೀರು ಬಿಡಲು ಹಿಡಿಯಲು ಹೊಸ ತೂಬು ನಾನೇ ಕಟ್ಟಿದ್ದೇನೆ.

ಸೆಪ್ಟೆಂಬರ್ 29ಕ್ಕೆ ದೊಡ್ಡ ಉತ್ಸವ. ಹೊಸ ಎತ್ತುಸೇತುವೆ ಇಳಿಸಿ, ಕೋಟೆಯ ಚರಿತ್ರೆಯನ್ನು ಊರವರೆಲ್ಲ ವೇಷ ಹಾಕಿ ಆಡುತ್ತಾರಂತೆ.

ಸೈಲಸ್

* * *

ಹೆರನ್ ಸೈಡಿಂಗ್
4 ಜೂನ್ 1934

ಪ್ರಿಯ ಸೈಲಸ್,

ಕೋಪವೇಕೆ? ಖುಷಿಯಾಯಿತು. ನಿಜವಾಗಿ ಒಳಗೇ ಓಡಾಡುತ್ತಿದ್ದೀಯಲ್ಲ! ಹಾಗಾದರೆ ಇನ್ನೂ ಸ್ವಲ್ಪ ಬರೆ. ಡೆವೆರಿಲ್ ಮನೆತನದ ಲಾಂಛನದಲ್ಲಿರುವುದು ಹಂಸವೋ ಕೊಕ್ಕರೆಯೋ? ಹೆಂಗಸರ ಕೋಣೆಗಳು ಯಾವ ಬುರುಜಿನಲ್ಲಿ? ಮೆಟ್ಟಿಲು ಬಲಕ್ಕೆ ಸುತ್ತುತ್ತದೆಯೋ ಎಡಕ್ಕೋ? ಸರ್ ಲಯನೆಲ್‌ರ ಅತ್ತೆಯಂದಿರ, ದೊಡ್ಡತ್ತೆಯರ ಹೆಸರುಗಳು ಸಿಕ್ಕರೆ ಅದನ್ನೂ ಬರೆ. ಯಾರಾದರೂ ವಿದೇಶಕ್ಕೆ ಹೋದವರಿದ್ದರಾ?

ಇಂಗ್ರಿಡ್‌ಗೆ ಎಷ್ಟು ಹೇಳಿದರೂ ಸಾಲದು. ಇಲ್ಲಿ ಗಾಳಿಗೆ ಧೂಳು ಏಳುತ್ತಿದೆ, ಹಗಲಲ್ಲೂ ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದ್ದೇವೆ. ನೀರಿನ ನಡುವೆ ನಿಂತ ಮನೆಯೊಂದರ ಮಾತು ಕೇಳಿದರೆ ಯಾರಿಗಾದರೂ ತಂಪಾಗುತ್ತದೆ.

ಅಕ್ಕ

* * *

ಆಲ್ಡರ್‌ಮಿಯರ್
5 ಆಗಸ್ಟ್ 1934

ಅಕ್ಕಾ, ಅಕ್ಕಾ,

ಕೂತುಕೊಂಡು ಓದು. ಸೇತುವೆ ಇಳಿದೇ ಇರಲಿಲ್ಲ!

ಗುರುವಾರ ಹೆಬ್ಬಾಗಿಲ ಮುಂದಿನ ಕಂದಕದ ಹೂಳು ತೆಗೆಯುತ್ತಿದ್ದೆವು. ನಾನು, ಜೇಬೆಜ್ ಸ್ಮೈ. ನೆನಪಿದೆಯಲ್ಲ, ಚರಂಡಿ ತೋಡುವ ಜೇಬೆಜ್. ಈಗ ಎಪ್ಪತ್ತು ದಾಟಿದ್ದಾನೆ. ಒಂಬತ್ತಡಿ ಕಪ್ಪು ಕೆಸರಿನ ಕೆಳಗೆ ಗುದ್ದಲಿಗೆ ಓಕ್ ಮರ ಸಿಕ್ಕಿತು. ಹಳೆಯ ಎತ್ತುಸೇತುವೆ. ಕೆಸರಲ್ಲಿ ಗಾಳಿ ತಗಲದೆ ನಿನ್ನೆ ಕೊಯ್ದಂತಿದೆ. ಹಲಗೆಯ ಕೆಳಮೈ ಸುಟ್ಟು ಇದ್ದಿಲಾಗಿದೆ. ಜನ ನಡೆಯುವ ಮೇಲ್ಮೈಗೆ ಬೆಂಕಿಯ ಕಲೆಯೂ ಇಲ್ಲ.

ಜೇಬೆಜ್ ಬಾಯಿಂದ ಪೈಪು ತೆಗೆದು ಹೇಳಿದ: "ಲೋ ಸೈಲಸ್, ಇಳಿದು ಮಲಗಿದ ಸೇತುವೆಗೆ ನೀರಿನ ಕಡೆಯಿಂದ ಬೆಂಕಿ ಯಾವನಯ್ಯಾ ಇಡ್ತಾನೆ?"

ಅದು ಮೇಲೆತ್ತಿ ನಿಂತಿತ್ತು ಅಕ್ಕಾ. ಎತ್ತಿದಾಗ ಕೆಳಮೈ ಶತ್ರುವಿನ ಕಡೆಗೆ ತಿರುಗುತ್ತದೆ. ಅವರು ಹೊರಗಿನಿಂದ ಸುಟ್ಟು ಬೀಳಿಸಿದ್ದಾರೆ. ನಂಬಲಾರದೆ ಇನ್ನೂ ತೋಡಿದೆವು. ಸರಪಳಿ ಎಳೆಯುವ ರಾಟೆ ಸಿಕ್ಕಿತು. ಎರಡೂ ಸರಪಳಿ ಪೂರ್ತಿ ಸುತ್ತಿಕೊಂಡಿವೆ, ರಾಟೆ ತಿರುಗದಂತೆ ಹಾಕುವ ಕಬ್ಬಿಣದ ಗೂಟ ಅದರ ತೂತಿನಲ್ಲೇ ಇದೆ. ಅದರ ಪಕ್ಕ ಒಬ್ಬ ಮನುಷ್ಯನ ಎಲುಬುಗಳು, ಸೊಂಟದ ಹತ್ತಿರ ತುಕ್ಕು ಹಿಡಿದ ಬೀಗದಕೈಗಳ ಗೊಂಚಲು.

ಅವನು ಓಡಿಹೋಗಲಿಲ್ಲ. ಬೆಂಕಿ ಹತ್ತಿದ ಬಾಗಿಲ ಜೊತೆಗೇ ಕೆಳಗೆ ಬಿದ್ದಿದ್ದಾನೆ. ಹಾಗಾದರೆ ಬೆಳ್ಳಿಯ ಕತೆ ಹುಟ್ಟಿಸಿದವರು ಯಾರು? ಬದುಕಿ ಉಳಿದವರು. ಅಂದು ದೊರೆ ಸರ್ ಹ್ಯೂ ಡೆವೆರಿಲ್ ಹಿಂದಿನ ದಿಡ್ಡಿ ಬಾಗಿಲಿಂದ ದೋಣಿ ಹತ್ತಿ ಪಾರಾದ ಎಂಬುದು ಅವರ ಮನೆತನದ ಪುಸ್ತಕದಲ್ಲೇ ಇದೆ.

ಜೇಬೆಜ್ ಟೋಪಿ ತೆಗೆದ. ನಾನು ಕೆಸರಲ್ಲಿ ಕೂತು ಅತ್ತೆ. ಎಲುಬುಗಳನ್ನು ಗೋಣಿಯಲ್ಲಿ ಸುತ್ತಿ ಬಡಗಿಯ ಕೊಟ್ಟಿಗೆಯಲ್ಲಿಟ್ಟಿದ್ದೇನೆ. ಸರ್ ಲಯನೆಲ್ ಸ್ಕಾಟ್ಲೆಂಡಿನಲ್ಲಿದ್ದಾರೆ. ಬಂದ ಕೂಡಲೇ ಹೇಳುತ್ತೇನೆ. ಉತ್ಸವದ ದಿನ ಊರೆಲ್ಲ ಕೇಳುವಂತೆ ಸಾರಬೇಕು. ಅಪ್ಪ ಇರಬೇಕಿತ್ತು.

ಸೈಲಸ್

* * *

ಹೆರನ್ ಸೈಡಿಂಗ್
23 ಆಗಸ್ಟ್ 1934

ಪ್ರಿಯ ಸೈಲಸ್,

ನಿನ್ನ ಪತ್ರ ಬಂತು. ಆತುರ ಬೇಡ. ದೊರೆಗಳ ಮನೆತನಕ್ಕೆ ಮಸಿ ಬಳಿದು ನಿನಗೆ ಆಗಬೇಕಾದದ್ದೇನು? ಕೆಲಸ ಸಿಕ್ಕದೆ ಎಷ್ಟು ವರ್ಷ ಕೂತಿದ್ದೆ ನೆನಪಿಸಿಕೋ. ಸತ್ತವನು ಸತ್ತ. ಅವನ ಪಾಡಿಗೆ ಅವನು ಮಲಗಿರಲಿ. ಪತ್ರಿಕೆ ಗಿತ್ರಿಕೆಗೆ ಹೋಗುವ ಹಾಗೆ ಮಾಡಬೇಡ. ಇಂಗ್ಲೆಂಡಿನ ಪತ್ರಿಕೆಗಳು ಇಲ್ಲಿಗೂ ಬರುತ್ತವೆ.

ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಕೆಜಿಯಾ

* * *

ಆಲ್ಡರ್‌ಮಿಯರ್
7 ಅಕ್ಟೋಬರ್ 1934

ಪ್ರೀತಿಯ ಅಕ್ಕ,

ಉತ್ಸವ ಚೆನ್ನಾಗಿ ಆಯಿತು. ಹವೆ ಒಳ್ಳೆಯದಿತ್ತು. ಎರಡು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಕಂದಕಕ್ಕೆ ನೀರು ಬಿಟ್ಟಿದ್ದೇವೆ, ಹಂಸಗಳು ಬಂದಿವೆ. ಸೇತುವೆ ಸರಾಗವಾಗಿ ಏಳುತ್ತದೆ, ಇಳಿಯುತ್ತದೆ. ಆ ವಿಷಯ ನೀನು ಹೇಳಿದಂತೆಯೇ ಬಿಟ್ಟುಬಿಟ್ಟೆ.

ಮುಂದಿನ ವರ್ಷಕ್ಕೂ ಕೆಲಸ ಇದೆ ಎಂದಿದ್ದಾರೆ. ಹೆಟ್ಟಿ ಸೇಬಿನ ಜಾಮ್ ಮಾಡಿದ್ದಾಳೆ. ಬೇರೆ ವಿಶೇಷವಿಲ್ಲ.

ಸೈಲಸ್

* * *

ಆಲ್ಡರ್‌ಮಿಯರ್
25 ನವೆಂಬರ್ 1934

ಅಕ್ಕಾ,

ನಾನು ಬರೆದು ಏಳು ವಾರವಾಯಿತು, ನಿನ್ನ ಉತ್ತರವಿಲ್ಲ. ನಿನಗೆ ಹೇಗೋ ಗೊತ್ತಾಗಿದೆ, ಅದಕ್ಕೇ ಸುಮ್ಮನಿದ್ದೀಯೆ ಅನ್ನಿಸುತ್ತಿದೆ. ಗೊತ್ತಾಗದಿದ್ದರೂ ಹೇಳಿಬಿಡುತ್ತೇನೆ.

ಸರ್ ಲಯನೆಲ್ ಬಂದ ದಿನವೇ ಎಲುಬು, ರಾಟೆ, ಗೂಟ ಎಲ್ಲ ತೋರಿಸಿದೆ. ಅವರು ಸಿಡುಕಲಿಲ್ಲ. ತುಂಬ ಹೊತ್ತು ನೋಡಿದರು. "ನೀನು ಹೇಳೋದು ನಿಜ ಇರಬಹುದು ಗ್ಯಾರಡ್" ಎಂದರು. "ಆದ್ರೆ ನೋಡು, ನಾಟಕ ಬರೆದಾಗಿದೆ. ನೂರಾರು ಜನಕ್ಕೆ ವೇಷ ಹೊಲಿದಾಗಿದೆ. ನಮ್ಮ ಹ್ಯೂ ಅಜ್ಜ ಹೇಡಿ ಅಂತ ನಾನೇ ಮೈಕಿನಲ್ಲಿ ಕೂಗಲೇನು? ಉತ್ಸವ ಮುಗೀಲಿ, ಆಮೇಲೆ ನೋಡೋಣ." ನಾನು ಹೂಂ ಎಂದೆ. ಆಗ ನಗುತ್ತ ಹೆಗಲ ಮೇಲೆ ಕೈಯಿಟ್ಟು, "ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಆ ಬಾಗಿಲವನ ಪಾತ್ರ ನೀನೇ ಯಾಕೆ ಮಾಡಬಾರದು? ಅದೇ ರಕ್ತ ಅಲ್ವಾ! ಜನ ಹುಚ್ಚಾಗಿಬಿಡ್ತಾರೆ" ಎಂದರು.

ಮರುದಿನ ನಿನ್ನ ಪತ್ರ ಬಂತು. "ಅವನ ಪಾಡಿಗೆ ಅವನು ಮಲಗಿರಲಿ." ನಿನ್ನನ್ನು ದೂರುತ್ತಿಲ್ಲ ಅಕ್ಕ. ನಿಜ ಹೇಳಬೇಕೆಂದರೆ ಆ ಪತ್ರ ಓದಿ ನೆಮ್ಮದಿಯಾಯಿತು. ನನಗೆ ಬೇಕಾಗಿದ್ದ ನೆಪ ಅದರಲ್ಲಿತ್ತು.

ನೀರು ಬಿಡುವ ಮುನ್ನಾ ದಿನ, ಹುಡುಗರೆಲ್ಲ ಊಟಕ್ಕೆ ಹೋದಾಗ, ಗೋಣಿ ಹೊತ್ತುಕೊಂಡು ಕಂದಕಕ್ಕೆ ಇಳಿದೆ. ಯಾರೂ ಹೇಳಿರಲಿಲ್ಲ. ಸರ್ ಲಯನೆಲ್ ಕೂಡ ಅಷ್ಟು ಬಾಯಿಬಿಟ್ಟು ಹೇಳಿರಲಿಲ್ಲ. ನಾನೇ ಗುಂಡಿ ತೋಡಿ ಸುರಿದೆ. ಸುರಿದೆ ಎಂದೆ ನೋಡು, ಇಟ್ಟೆ ಅನ್ನಲೂ ಬಾಯಿ ಬರುತ್ತಿಲ್ಲ. ಗೂಟವನ್ನೂ ಬೀಗದಕೈಗಳನ್ನೂ ಅಲ್ಲೇ ಎಸೆದೆ. ಮರುದಿನ ತೂಬು ಎತ್ತಿದವನೂ ನಾನೇ.

ಉತ್ಸವದ ದಿನ ಚರ್ಮದ ಕುಪ್ಪಸ ತೊಟ್ಟು, ಗಡ್ಡ ಅಂಟಿಸಿಕೊಂಡು ನಿಂತೆ. ಬೆಳ್ಳಿಯ ಚೀಲ ಕೈಗೆ ಬಂತು, ರಾಟೆ ತಿರುಗಿಸಿದೆ, ಸೇತುವೆ ಇಳಿಯಿತು. ಎರಡು ಸಾವಿರ ಜನ "ಥೂ! ಥೂ!" ಎಂದರು. ಆಮೇಲೆ ಚಪ್ಪಾಳೆ. ಮೂರು ಸಲ ನನ್ನನ್ನು ಮುಂದೆ ಕರೆದರು. ಮೂರು ಸಲವೂ ಬಾಗಿದೆ. ಶಾಲೆಯಲ್ಲಿ ನಿನ್ನ ಜಡೆ ಎಳೆದ ಅದೇ ಫ್ರೆಡ್ ಬಂದು ಬೆನ್ನು ತಟ್ಟಿ, "ಏನು ಆಕ್ಟಿಂಗೋ ಸೈಲಸ್! ಹುಟ್ಟುಗುಣ ಅಂದ್ರೆ ಇದು ನೋಡು!" ಎಂದು ಬಿಯರ್ ಕುಡಿಸಿದ. ನಾನು ನಕ್ಕೆ. ಅಕ್ಕಾ, ಆಗ ನನಗೆ ಸಂತೋಷವಾಗಿತ್ತು. ಐವತ್ತು ವರ್ಷದಲ್ಲಿ ಊರು ಮೊದಲ ಸಲ ನನ್ನನ್ನು ಮೆಚ್ಚಿತ್ತು. ಯಾರಿಗೂ ಹೇಳಲಾಗದ್ದು ಅದೇ.

ಜೇಬೆಜ್ ಜನರ ನಡುವೆ ನಿಂತು ನೋಡುತ್ತಿದ್ದ. ಚಪ್ಪಾಳೆ ತಟ್ಟಲಿಲ್ಲ. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ.

ಸೈಲಸ್

* * *

ಹೆರನ್ ಸೈಡಿಂಗ್
26 ನವೆಂಬರ್ 1934

ಸೈಲಸ್,

ಈ ಪತ್ರ ಮೂರು ಸಲ ಹರಿದು ನಾಲ್ಕನೆಯ ಸಲ ಬರೆಯುತ್ತಿದ್ದೇನೆ.

ಇಂಗ್ರಿಡ್ ಕೋಟೆಯ ಕತೆ ಕೇಳಿದ್ದು ಸುಳ್ಳು. ಕೇಳುತ್ತಿದ್ದವರು ಇಲ್ಲಿನ ಮಹಿಳಾ ಸಂಘದವರು. ಇಪ್ಪತ್ತೇಳು ವರ್ಷದ ಹಿಂದೆ ಹಡಗಿನಲ್ಲಿ ಒಬ್ಬಾಕೆ "ಯಾವೂರು?" ಎಂದಳು. ಆಲ್ಡರ್‌ಮಿಯರ್ ಎಂದೆ. "ಅಯ್ಯೋ, ಕೋಟೆ ಇದೆಯಲ್ಲ ಅಲ್ಲಿ! ನಿಮ್ಮ ಮನೆಯವರದ್ದಾ?" ಎಂದಳು. ನಾನು ಹೌದೆನ್ನಲಿಲ್ಲ. ಅಲ್ಲವೆನ್ನಲೂ ಇಲ್ಲ. ಆಕೆಯೂ ಇದೇ ಊರಲ್ಲಿ ಇಳಿದಳು. ಆಮೇಲೆ ಒಂದೊಂದೇ ಸೇರಿತು. ಬಡವನನ್ನು ಪ್ರೀತಿಸಿ ಮನೆ ಬಿಟ್ಟು ಬಂದ ಡೆವೆರಿಲ್ ಮನೆತನದ ಮಗಳು ನಾನು. ರೈಲು ಹಳಿ ಕಾಯುವವನ ಹೆಂಡತಿಯಾದರೂ ಇಲ್ಲಿ ಸಭೆಯಲ್ಲಿ ನನಗೆ ಮೊದಲ ಕುರ್ಚಿ. ಆಂಡರ್ಸ್‌ಗೆ ಗೊತ್ತು. "ನಿನ್ನ ಕೋಟೆ, ನೀನೇ ಕಾವಲು ಕಾಯ್ಕೋ" ಎಂದು ಸುಮ್ಮನಿದ್ದುಬಿಟ್ಟ.

ಈ ವರ್ಷ ಸಂಘದಲ್ಲಿ ಕೋಟೆಯ ಮೇಲೆ ಉಪನ್ಯಾಸ ಮಾಡಬೇಕೆಂದರು. ನೀನು ಬರೆದ ಬುರುಜು, ಕಿಟಕಿ, ಐವಿ ಬಳ್ಳಿ, ಎಲ್ಲ ನನ್ನ ಬಾಲ್ಯದ ನೆನಪೆಂದು ಹೇಳಿದೆ. ಅಷ್ಟರಲ್ಲಿ ನಿನ್ನ ಆಗಸ್ಟ್ ಪತ್ರ. ಪತ್ರಿಕೆಗೆ ಹೋಗಿ, ನಿನಗೆ ಕೆನಡಾದಲ್ಲಿ ಅಕ್ಕನಿದ್ದಾಳೆಂದು ಅಚ್ಚಾದರೆ ನನ್ನ ಬಣ್ಣ ಬಯಲಾಗುತ್ತದೆ ಎಂಬ ಒಂದೇ ಹೆದರಿಕೆಗೆ "ಸುಮ್ಮನಿರು" ಎಂದೆ. ನಿನ್ನ ಒಳ್ಳೆಯದಕ್ಕೆ ಎಂದು ಬರೆದೆನಲ್ಲ, ಆ ಸಾಲು ನೆನೆದರೆ ಮೈ ಉರಿಯುತ್ತದೆ.

ಮೊನ್ನೆ ಸಭೆಗೆ ಮಿಸೆಸ್ ಪೆಟ್ರಿ ಲಂಡನ್ನಿನ ಸಚಿತ್ರ ವಾರಪತ್ರಿಕೆ ತಂದಿದ್ದಳು. "ಕೆಜಿಯಾ, ನಿಮ್ಮ ಕೋಟೆ ಬಂದಿದೆ ನೋಡು!" ಎಂದಳು. ಎಲ್ಲರೂ ಮುತ್ತಿಕೊಂಡರು. ನಡುವೆ ದೊಡ್ಡ ಚಿತ್ರ. ಅಂಟಿಸಿದ ಗಡ್ಡ, ಕೈಯಲ್ಲಿ ಚೀಲ. ಅಪ್ಪನದೇ ಮೂಗು. ಕೆಳಗೆ ಬರೆದಿತ್ತು: ದ್ರೋಹಿ ಬಾಗಿಲವನಾಗಿ ಅವನದೇ ವಂಶದ ಮೇಸ್ತ್ರಿ ಸೈಲಸ್ ಗ್ಯಾರಡ್.

"ಯಾರಿದು? ನಿಮಗೆ ಗೊತ್ತಿರಬೇಕಲ್ಲ?" ಎಂದಳು ಮಿಸೆಸ್ ಪೆಟ್ರಿ.

"ಯಾರೋ ಕೆಲಸದವನಿರಬೇಕು. ಗೊತ್ತಿಲ್ಲ" ಎಂದೆ.

ನನ್ನ ಕೈಯಲ್ಲಿ ಚಹಾದ ಬಟ್ಟಲಿತ್ತು. ಒಂದು ಹನಿಯೂ ಚೆಲ್ಲಲಿಲ್ಲ. ನೀನು ಯಾಕೆ ಆ ವೇಷ ಹಾಕಿದೆ ಎಂದು ಕೇಳುವ ಹಕ್ಕು ನನಗಿಲ್ಲ.

ಕೆಜಿಯಾ

* * *

ಹೆರನ್ ಸೈಡಿಂಗ್
18 ಫೆಬ್ರವರಿ 1935

ಪ್ರೀತಿಯ ತಮ್ಮ,

ನಮ್ಮಿಬ್ಬರ ಪತ್ರಗಳು ಸಮುದ್ರದ ಮೇಲೆ ಎದುರುಬದುರಾಗಿ ಹೋಗಿರಬೇಕು. ನಿನ್ನದನ್ನು ಓದಿ ಆಂಡರ್ಸ್ ಕೈಗೆ ಕೊಟ್ಟೆ. ಅವನು ಓದಿ, ಕನ್ನಡಕ ಒರೆಸಿಕೊಂಡು, "ನಿನ್ನ ತಮ್ಮ ಬರೆದಿದ್ದಾನೆ. ನೀನು ಇಲ್ಲಿ ಬಾಯಿಬಿಟ್ಟು ಯಾವಾಗ ಹೇಳ್ತೀಯ?" ಎಂದ. ಎರಡು ತಿಂಗಳು ಹಿಂದೆಮುಂದೆ ನೋಡಿದೆ.

ಮೊನ್ನೆ ಬುಧವಾರ ಸಭೆಯಲ್ಲಿ ಎದ್ದು ನಿಂತೆ. ಸುತ್ತಿ ಬಳಸಿ ಹೇಳಲು ಬರಲಿಲ್ಲ. "ನಾನು ಡೆವೆರಿಲ್ ಅಲ್ಲ, ಗ್ಯಾರಡ್. ಆ ಚಿತ್ರದಲ್ಲಿದ್ದವನು ನನ್ನ ಒಡಹುಟ್ಟಿದ ತಮ್ಮ" ಎಂದೆ. ನಿನ್ನ ಆಗಸ್ಟ್ ಪತ್ರ ತೆಗೆದು ಪೂರ್ತಿ ಓದಿದೆ, ಸುಟ್ಟ ಹಲಗೆ, ಗೂಟ, ಬೀಗದಕೈ. ನವೆಂಬರ್‌ನದನ್ನು ಓದಲಿಲ್ಲ. ಅದು ನಿನ್ನದು.

ಹಡಗಿನಲ್ಲಿ ಕೇಳಿದ ಆಕೆ, ಅವಳೇ ಈಗ ಸಂಘದ ಅಧ್ಯಕ್ಷೆ, ಕೈಚೀಲ ತೆಗೆದುಕೊಂಡು ಹೊರಟುಹೋದಳು. ಮಿಸೆಸ್ ಪೆಟ್ರಿ ಮಾತ್ರ, "ಎಂಟು ಜನ ದಾಸಿಯರು ನಿನಗೆ ತಲೆ ಬಾಚ್ತಿದ್ರು ಅಂದಿದ್ದೆಯಲ್ಲೇ, ನಮ್ಮ ಮಕ್ಕಳಿಗೆಲ್ಲ ಹೇಳಿಬಿಟ್ಟಿದ್ದೀನಿ ಮಾರಾಯ್ತಿ!" ಎಂದಳು. ಒಬ್ಬಿಬ್ಬರು ನಕ್ಕರು. ಆ ನಗುವೇ ಹೆಚ್ಚು ಚುಚ್ಚಿತು. ಅಂಗಡಿಯಲ್ಲಿ ಈಗ ನನ್ನನ್ನು ಕಂಡರೆ ಮಾತು ನಿಲ್ಲುತ್ತದೆ. ನಿಲ್ಲಲಿ.

ಸೈಲಸ್, ನಾನು ಸುಮ್ಮನಿರು ಎಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅವನು ಇನ್ನೂ ಆ ನೀರಿನಡಿಯಲ್ಲಿದ್ದಾನಾ?

ಅಕ್ಕ

* * *

ಆಲ್ಡರ್‌ಮಿಯರ್
7 ಏಪ್ರಿಲ್ 1935

ಅಕ್ಕಾ,

ಇಲ್ಲ, ಈಗ ಇಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ನಿನ್ನ ಪತ್ರ ಬಂದ ಮೇಲೆ ಸರ್ ಲಯನೆಲ್‌ರಲ್ಲಿಗೆ ಹೋಗಿ ಕಂದಕ ಬತ್ತಿಸಲು ಅನುಮತಿ ಕೇಳಿದೆ. "ಹಂಸಗಳು ಮೊಟ್ಟೆ ಇಡೋ ಕಾಲ ಗ್ಯಾರಡ್, ಬೇಸಿಗೆ ಕಳೀಲಿ" ಎಂದರು. ಬೇಸಿಗೆ ಕಳೆದರೆ ಚಳಿಗಾಲ ಬರುತ್ತದೆ ಎಂದು ನನಗೆ ಗೊತ್ತು. ಮಾರ್ಚ್ 31, ಭಾನುವಾರ ಬೆಳಿಗ್ಗೆ, ಚರ್ಚಿನ ಗಂಟೆ ಹೊಡೆಯುವಾಗ ಹೋಗಿ ತೂಬು ತೆರೆದೆ. ಕದ್ದು ಮಾಡಲಿಲ್ಲ. ಹಂಸದ ಗೂಡಿರುವುದು ಹಿಂದಿನ ಕಡೆ. ಅಲ್ಲಿ ನೀರು ನಿಲ್ಲಲೆಂದು ಮೊದಲೇ ಹಲಗೆ ಕಟ್ಟಿದ್ದೆ.

ಪ್ರಾರ್ಥನೆ ಮುಗಿಸಿ ಬಂದ ಜನ ದಂಡೆಯ ಮೇಲೆ ಸಾಲಾಗಿ ನಿಂತರು. "ಸೇತುವೆ ಇಳಿಸಿದ್ದು ಸಾಲದೂಂತ ಈಗ ನೀರೂ ಇಳಿಸ್ತಿದ್ದಾನೆ ನೋಡ್ರೋ!" ಎಂದ ಫ್ರೆಡ್. ಎಲ್ಲರೂ ನಕ್ಕರು. ನಾನು ಅವರ ಕಡೆ ತಿರುಗಿ ಎಲ್ಲ ಹೇಳಿದೆ. ಸುಟ್ಟ ಹಲಗೆಯಿಂದ ಹಿಡಿದು ಗೋಣಿ ಸುರಿದದ್ದರ ತನಕ. ಅರ್ಧ ಜನಕ್ಕೆ ಕೇಳಿಸಿತೋ ಇಲ್ಲವೋ. ನಗು ನಿಂತಿತು, ಅಷ್ಟು ಗೊತ್ತು. ಆಮೇಲೆ ಒಬ್ಬ ಹೆಂಗಸು, "ಗೊತ್ತಿದ್ದೂ ವೇಷ ಹಾಕಿದೆಯಾ?" ಎಂದಳು. ಹೂಂ ಎಂದೆ. ಅವಳು ಮುಖ ತಿರುಗಿಸಿದಳು.

ಮಧ್ಯಾಹ್ನದ ಹೊತ್ತಿಗೆ ನೀರು ಮೊಣಕಾಲಿಗೆ ಬಂತು, ಇಳಿದೆ. ಸರ್ ಲಯನೆಲ್ ಬಂದರು. "ಇದು ನನ್ನ ಕಂದಕ ಗ್ಯಾರಡ್" ಎಂದರು. "ಹೌದು ಸರ್. ಮನುಷ್ಯ ನಮ್ಮವನು" ಎಂದೆ. ತಡೆಯಲಿಲ್ಲ. "ನಾಳೆಯಿಂದ ಕೆಲಸಕ್ಕೆ ಬರೋದು ಬೇಡ" ಎಂದಷ್ಟೇ ಹೇಳಿ, ಹೊಸ ಸೇತುವೆಯ ಮೇಲೆ ನಿಂತುಕೊಂಡರು. ಸಂಜೆಯ ತನಕ ಅಲ್ಲೇ ನಿಂತಿದ್ದರು. ಯಾಕೆಂದು ನನಗೆ ತಿಳಿಯದು.

ಕೆಸರಲ್ಲಿ ಒಬ್ಬನೇ ಕೈಯಾಡಿಸುತ್ತಿದ್ದಾಗ ಪಕ್ಕದಲ್ಲಿ ಯಾರೋ ಧೊಪ್ಪನೆ ಇಳಿದ ಸದ್ದಾಯಿತು. ಜೇಬೆಜ್. ಆರು ತಿಂಗಳ ಮೇಲೆ ಮೊದಲ ಮಾತು: "ಅಲ್ಲಲ್ಲ ಕಣೋ, ಎಡಕ್ಕೆ. ಅವತ್ತು ನಾನು ದಂಡೆ ಮೇಲಿಂದ ನೋಡಿದ್ದೆ. ಗುಂಡಿ ತೋಡಿದ್ದು ಎಲ್ಲಿ ಅಂತಾನೂ ಮರೆತುಬಿಟ್ಯಾ?" ದಂಡೆಯಿಂದ ಇಬ್ಬರು ಹಲಗೆ ಕೊಟ್ಟರು, ನಿಲ್ಲಲು. ಅದರಲ್ಲಿ ಫ್ರೆಡ್ ಇರಲಿಲ್ಲ.

ತಲೆಬುರುಡೆ ಸಿಕ್ಕಿತು, ತೊಡೆಯೆಲುಬು, ಪಕ್ಕೆಲುಬು, ಬೀಗದಕೈ, ಗೂಟ. ಬಲಗೈ ಸಿಗಲಿಲ್ಲ. ಆಗಸ್ಟ್‌ನಲ್ಲಿ ಇತ್ತು, ನಾನೇ ಎತ್ತಿಟ್ಟಿದ್ದೆ. ಐನೂರು ವರ್ಷ ಒಟ್ಟಿಗಿದ್ದವನನ್ನು ಚೆದುರಿಸಿದ್ದು ನಾನು.

ಗುರುವಾರ ಹೂಳಿದೆವು. ಅಪ್ಪನ ಪಕ್ಕ ಜಾಗ ಇತ್ತು. ಹೆಟ್ಟಿ, ಜೇಬೆಜ್, ಮತ್ತೆ ನಾಲ್ಕು ಜನ. ಪಾದ್ರಿಗಳು ಒಳ್ಳೆಯವರು, ಆದರೆ ಚರ್ಚಿನ ಪುಸ್ತಕ ತೆರೆದು ಪೆನ್ನು ಹಿಡಿದು ತಡವರಿಸಿದರು. "ಇವನೇ ಟಾಮಸ್ ಗ್ಯಾರಡ್ ಅನ್ನೋದಕ್ಕೆ ಆಧಾರ ಏನಪ್ಪಾ? ಹೆಸರು ಗೊತ್ತಿಲ್ಲದವನು ಅಂತ ಬರೀಲೇನು?"

ಜೇಬೆಜ್ ಹೇಳಿದ: "ಸ್ವಾಮಿ, ಐನೂರು ವರ್ಷದಿಂದ ಈ ಊರು ಆ ಹೆಸರು ಹಿಡಿದೇ ಬೈದಿದೆ. ನಮ್ಮಪ್ಪ ಬೈದ, ನಾನೂ ಬೈದಿದ್ದೀನಿ. ಆಗ ಯಾರೂ ಆಧಾರ ಕೇಳಲಿಲ್ಲ. ಬಯ್ಯೋಕೆ ಸಾಕಾಗಿದ್ದ ಹೆಸರು ಹೂಳೋಕೆ ಸಾಲದಾ?"

ಪಾದ್ರಿಗಳು ಬರೆದರು: ಟಾಮಸ್ ಗ್ಯಾರಡ್, ಈ ಕೋಟೆಯ ಬಾಗಿಲು ಕಾಯ್ದವನು.

ಬರುವ ವಾರ ನಾರ್ವಿಚ್‌ಗೆ ಹೋಗುತ್ತೇನೆ, ಅಲ್ಲಿ ಇಟ್ಟಿಗೆ ಕೆಲಸ ಸಿಗಬಹುದು. ಹೆಟ್ಟಿ ಸಾಮಾನು ಕಟ್ಟುತ್ತಿದ್ದಾಳೆ. ಬೇಸರವೇನೂ ತೋರಿಸುವುದಿಲ್ಲ.

ಮಣ್ಣು ಹಾಕುವಾಗ ಎಲ್ಲರೂ ಪ್ರಾರ್ಥನೆಗೆ ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ. ನನ್ನದು ಪ್ರಾರ್ಥನೆಯಲ್ಲ, ನಾಚಿಕೆ ಎಂದು ನಿನಗೊಬ್ಬಳಿಗೆ ಗೊತ್ತಿರಲಿ.

ನಿನ್ನ ತಮ್ಮ
ಸೈಲಸ್ ಗ್ಯಾರಡ್